ವಾಷಿಂಗ್ಟನ್ ಎಂಬ ಗ್ರಾಮವೂ ಆ ಹೆಸರಿನವರೂ

ವಾಷಿಂಗ್ಟನ್ ಎಂದೊಡನೆ ನಮ್ಮ ವಾಚಕರಲ್ಲಿ ಬಹುಮಂದಿಯ ಮನಸ್ಸು ಅಮೆರಿಕದ ರಾಜಧಾನಿಯ ಕಡೆಗೆ ಹರಿಯುವುದು ಸಹಜವೇ ಆಗಿದೆ. ಆದರೆ ಆ ರಾಜಧಾನಿಗೆ ಯಾವ ಸೇನಾನಿಯಿಂದ ಹೆಸರು ಬಂದಿತೋ ಅವನ ಹಿರಿಯರಿಗೆ ಆ ಹೆಸರನ್ನು ಕೊಟ್ಟದ್ದು ಇಂಗ್ಲೆಂಡಿನ ಒಂದು ಹಳ್ಳಿ. ಆ ಹಳ್ಳಿ ಇಂದಿಗೂ ಉಂಟು. ನ್ಯೂಕ್ಯಾಸಲ್ ನಗರಕ್ಕೆ ಆಗ್ನೇಯ ದಿಕ್ಕಿನಲ್ಲಿ ಸುಮಾರು ಏಳು ಮೈಲಿಗಳ ದೂರದಲ್ಲಿ, ವಿಯರ್ ನದಿಗೆ ಸಮೀಪವಾಗಿ ಅದು ನೆಲಸಿದೆ. ೧೯೭೪ರವರೆಗೆ ಡರ್ಹಮ್ ಜಿಲ್ಲೆಗೆ ಸೇರಿದ್ದ ಆ ಊರು ಈಗ ಸಂಡರ್ಲೆಂಡ್ ನಗರದ ಆಡಳಿತಕ್ಕೆ ಒಳಪಟ್ಟಿದೆ.

ಪ್ರವಾಸಿಗೆ ಮೊದಲು ಕಾಣುವುದು ಆ ಹಳ್ಳಿಯಲ್ಲ. ಅದರ ಸುತ್ತಲೂ ಬೆಳೆದಿರುವ ಹೊಸ ಪಟ್ಟಣ. ಈ ಸೀಮೆಯೆಲ್ಲ ಒಂದು ಕಾಲದಲ್ಲಿ ಕಲ್ಲಿದ್ದಲಿನ ಗಣಿಗಳ ನಾಡಾಗಿದ್ದಿತು. ೧೭೭೭ರಲ್ಲಿ ತೋಡಿದ ಒಂದು ಗಣಿಯನ್ನು ೧೯೬೮ರಲ್ಲಿ ಮುಚ್ಚಿ, ಅದರ ಉಗಿಯಂತ್ರವನ್ನು ಮಾತ್ರ ಜನರು ನೋಡುವುದಕ್ಕಾಗಿ ಉಳಿಸಿಕೊಂಡಿದ್ದಾರೆ. ೧೯೬೪ರಲ್ಲಿ ಸರಕಾರವು ಇಲ್ಲಿ ಹೊಸ ಪಟ್ಟಣವನ್ನು ಕಟ್ಟಲು ಉದ್ದೇಶಿಸಿತು. ಅದರ ಬಡಾವಣೆಗಳಿಗೆ ಮೊದಮೊದಲು ಅಂಕಿಗಳನ್ನು ಕೊಟ್ಟಿದ್ದರು. ಜಗತ್ತಿನಲ್ಲೆಲ್ಲ ಪ್ರಸಿದ್ಧವಾದ ಹೆಸರನ್ನು ಹಡೆದ ಊರಿಗೆ ತನ್ನ ಕೇರಿಗಳನ್ನು ಕರೆಯಲು ಅಂಕಿಗಳಲ್ಲದೆ ಬೇರೇನೂ ತೋಚದೆ ಹೋಯಿತಲ್ಲಾ ಎಂದು ನಗು ಬಾರದಿರದು. ೨೦೧೧ರ ಖಾನೇಷುಮಾರಿಯ ವೇಳೆಗೆ ಊರಿನ ಜನಸಂಖ್ಯೆ ಸುಮಾರು ೬೭,೦೦೦ ಆಗಿದ್ದಿತು.

ಈ ಪಟ್ಟಣದ ನಡುವೆ ಹಳೆಯ ಗ್ರಾಮವು ತನ್ನ ಹಸುರು ಬಯಲನ್ನೂ ಪ್ರಾರ್ಥನಾಮಂದಿರವನ್ನೂ ಉಳಿಸಿಕೊಂಡು ಇನ್ನೂ ಗುರುತು ಸಿಕ್ಕುವಂತಿದೆ. ಪ್ರಾರ್ಥನಾಮಂದಿರದ ಪಕ್ಕದಲ್ಲಿಯೇ ಕಲ್ಲಿನಲ್ಲಿ ಕಟ್ಟಿದ ಒಂದು ಮನೆ. ಅದಕ್ಕೆ ‘ಓಲ್ಡ್ ಹಾಲ್’ ಎಂದು ಹೆಸರು. ನಾವು ಹಳೆಯ ದೊಡ್ಡಮನೆ ಎನ್ನಬಹುದು. ದೊಡ್ಡಮನೆಯೆಂದ ಮಾತ್ರಕ್ಕೆ ವಾಚಕರು ಅರಮನೆಯನ್ನು ಊಹಿಸಬಾರದು. ಅದು ಸಾಮಾನ್ಯ ಜಮೀನುದಾರನ ಮನೆ, ಅಷ್ಟೆ. ಈಗ ಕಾಣುವ ಕಟ್ಟಡದ ಬಹುಭಾಗ ಹದಿನೇಳನೆಯ ಶತಮಾನದ್ದು. ಅಡಿಗೆಯ ಮನೆಗೂ ನಡುಮನೆಗೂ ನಡುವೆ ಇರುವ ಕಲ್ಲಿನ ಕಮಾನುಗಳು ಮಾತ್ರ ಅದಕ್ಕಿಂತ ಬಹಳ ಹಿಂದಿನವು.

ಈ ಮನೆಗೆ ಒಮ್ಮೆ ದುರ್ದಶೆ ಒದಗಿತು. ಒಡೆಯರು ತೊರೆದ ಮೇಲೆ ಹಲವು ಬಡ ಸಂಸಾರಗಳು ಕೋಣೆಗೊಂದರಂತೆ ಹಂಚಿಕೊಂಡು ಅಲ್ಲಿ ಬಾಳಿದುವು. ಕೊನೆಗೆ ಅದು ಮನುಷ್ಯವಾಸಕ್ಕೆ ತಕ್ಕುದಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದರು. ೧೯೩೬ರಲ್ಲಿ ಅದನ್ನು ಕೆಡಹುವ ಮಾತು ಬಂದಾಗ ಅಡ್ಡ ನಿಂತು, ಒಂದು ಸಮಿತಿಯನ್ನು ಕಟ್ಟಿ, ಮನೆಯನ್ನು ಉಳಿಸಿದವರು ಅಲ್ಲಿನ ಶಾಲಾ ಉಪಾಧ್ಯಾಯರಾಗಿದ್ದ ಫ್ರೆಡ್ ಹಿಲ್ ಎಂಬವರು. ಇದನ್ನು ಬರೆಯುವಾಗ ನಿವೃತ್ತ ಉಪಾಧ್ಯಾಯನಾದ ನನಗೆ ಸ್ವಲ್ಪ ಹೆಮ್ಮೆಯಾದರೆ ವಾಚಕರು ಕ್ಷಮಿಸಬೇಕು. ೧೯೫೭ರಲ್ಲಿ ಮನೆಯು ‘ನ್ಯಾಷನಲ್ ಟ್ರಸ್ಟ್’ ಎಂಬ ಸಂಸ್ಥೆಯ ವಶಕ್ಕೆ ಬಂದಿತು. ೧೯೭೭ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರು ಈ ಗ್ರಾಮಕ್ಕೆ ಬಂದು ಒಂದು ಗಿಡವನ್ನು ನೆಟ್ಟು ಹೋದರು.

ಇನ್ನು ಹೆಸರಿನ ವಿಚಾರ. ಪ್ರಾಚೀನ ಇಂಗ್ಲಿಷಿನಲ್ಲಿ ‘ಟೂನ್’ ಎಂದರೆ ಬೇಲಿ ಕಟ್ಟಿದ ಹೊಲಮನೆ. ಇಂದಿನ ‘ಟೌನ್’ ಎಂಬ ಶಬ್ದ ಅದರ ಸಂತಾನ. ‘ವಸ್ಸ’ ಎಂಬುದು ಒಬ್ಬ ಮನುಷ್ಯನ ಹೆಸರು. ನಡುವೆ ಇರುವ ‘ಇಂಗ್’ ಎಂಬುದು ಅವನಿಗೆ ಸಂಬಂಧಪಟ್ಟುದು ಎಂಬುದನ್ನು ಸೂಚಿಸುವ ಪ್ರತ್ಯಯ. ಕೆಲವು ಕಡೆ ಅದು ಅವನ ಮಕ್ಕಳುಮರಿಯನ್ನೂ ಸೂಚಿಸುವುದುಂಟು. ರಘುವಿನಿಂದ ರಾಘವ, ಕುಂತಿಯಿಂದ ಕೌಂತೇಯ ಎಂದು ಪ್ರತ್ಯಯಗಳ ನಡುವೆ ಬೆಳೆದವನಿಗೆ ಈ ‘ಇಂಗ್’ ಬಹು ಆಪ್ತವಾಗಿ ಕಂಡಿತು. ಅಂತೂ ವಾಷಿಂಗ್ಟನ್ ಎಂದರೆ ವಸ್ಸನ ಹೊಲಮನೆ. ಆ ವಸ್ಸನು ಯಾರೋ, ಏನು ಬೆಳೆದನೋ, ಅದಾವುದೂ ಉಳಿದಿಲ್ಲ. ದಕ್ಷಿಣದ ಸಸ್ಸೆಕ್ಸ್ ಪ್ರಾಂತದಲ್ಲಿಯೂ ಇದೇ ಹೆಸರಿನ ಇನ್ನೊಂದು ಹಳ್ಳಿಯುಂಟು. ನಮ್ಮ ಕಥೆಗೆ ಅದು ಸೇರದು.

ಊರಿನ ಹೆಸರು ಮನೆತನದ ಹೆಸರಾದ ಸಂದರ್ಭವು ಅದೃಷ್ಟವಶದಿಂದ ಲೆಕ್ಕದ ಪುಸ್ತಕದಲ್ಲಿ ಸಿಕ್ಕುತ್ತದೆ. ೧೧೮೩ರಲ್ಲಿ ಡರ್ಹಮ್ಮಿನ ಬಿಷಪ್ಪನು ತನ್ನ ಜಮೀನುಗಳ ಜಮಾಬಂದಿಯನ್ನು ಬರೆಯಿಸಿದನು. ಅದಕ್ಕೆ ‘ಬೋಲ್ಡನ್ ಪುಸ್ತಕ’ ಎಂದು ಹೆಸರು. ಹಾರ್ಟ್‌ಬರ್ನ್ ಎಂಬ ಊರಿನ ವಿಲಿಯಮ್ ಎಂಬವನು ಆ ತನ್ನ ಊರನ್ನು ಬಿಷಪ್ಪನಿಗೆ ಬಿಟ್ಟುಕೊಟ್ಟು, ಬದಲಿಗೆ ವಾಷಿಂಗ್ಟನ್ನನ್ನು ಪಡೆದನೆಂದು ಅದರಲ್ಲಿ ದಾಖಲೆಯಿದೆ. ಅವನು ಕೊಡಬೇಕಾದ ಕಂದಾಯ ೪ ಪೌಂಡು. ಅದಲ್ಲದೆ ಬಿಷಪ್ಪನ ಮಹಾಬೇಟೆಗೆ ನಾಲ್ಕು ಬೇಟೆನಾಯಿಗಳೊಡನೆ ಹೋಗಬೇಕು. ಹೀಗೆ ಹಾರ್ಟ್‌ಬರ್ನಿನ ವಿಲಿಯಮ್ಮನು ವೆಸ್ಸಿಂಗ್ಟನ್ನಿನ ವಿಲಿಯಮ್ಮನಾದನು. ಜಮೀನಿನ ಅದಲುಬದಲು ನಡೆಯದೆ ಹೋಗಿದ್ದರೆ ಅಮೆರಿಕದ ರಾಜಧಾನಿಗೆ ಹಾರ್ಟ್‌ಬರ್ನ್ ಎಂದು ಹೆಸರಿರುತ್ತಿತ್ತೋ ಏನೋ! ಆ ಶಬ್ದಕ್ಕೆ ಇಂದಿನ ಇಂಗ್ಲಿಷಿನಲ್ಲಿ ಎದೆಯುರಿ ಎಂದೇ ಅರ್ಥವೆಂಬುದನ್ನು ನೆನೆದರೆ ಬಿಷಪ್ಪನಿಗೆ ಅಮೆರಿಕನ್ನರು ಋಣಿಗಳಾಗಿರಬೇಕು.

ನಮ್ಮ ವೈಯಾಕರಣರು ಊರಿನಿಂದ ಮನುಷ್ಯನಿಗೆ ಬರುವ ಹೆಸರುಗಳನ್ನು ವಿಚಾರಿಸುವಾಗ ನಿವಾಸ, ಅಭಿಜನ ಎಂದು ಎರಡನ್ನು ಬೇರೆಬೇರೆಯಾಗಿ ಹೇಳುತ್ತಾರೆ. ತಾನು ಈಗ ಎಲ್ಲಿ ವಾಸಿಸುತ್ತಾನೋ ಅದು ನಿವಾಸ. ಹಿರಿಯರು ಎಲ್ಲಿ ವಾಸಿಸುತ್ತಿದ್ದರೋ ಅದು ಅಭಿಜನ. ವಿಲಿಯಮ್ಮನಿಗೆ ವಾಷಿಂಗ್ಟನ್ ನಿವಾಸವಾಗಿದ್ದಿತು. ಅವನ ವಂಶದವರು ಊರು ಬಿಟ್ಟರೂ ಹೆಸರನ್ನು ಬಿಡಲಿಲ್ಲ. ಅವರಿಗೆ ಅದು ಅಭಿಜನವಾಯಿತು. ಹಿಂದೆ ಇದ್ದ ‘ದ’ ಎಂಬ ವಿಭಕ್ತಿಯಂತಹ ಪದವೂ ಕಾಲಕ್ರಮದಲ್ಲಿ ಉದುರಿಹೋಯಿತು. ಬಿಳಿಯ ನೆಲದ ಮೇಲೆ ಎರಡು ಕೆಂಪು ಪಟ್ಟೆಗಳು, ಅವುಗಳ ಮೇಲುಗಡೆ ಮೂರು ಕೆಂಪು ನಕ್ಷತ್ರಗಳು — ಇದು ಆ ಮನೆತನದ ಲಾಂಛನ. ವಾಚಕರು ಇದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮನೆತನದ ಒಬ್ಬನು ೧೪೧೬ರಿಂದ ೧೪೪೬ರವರೆಗೆ ಡರ್ಹಮ್ಮಿನ ಮಠಾಧಿಪತಿಯಾಗಿದ್ದನು. ಇನ್ನೊಂದು ಶಾಖೆ ಪಶ್ಚಿಮಕ್ಕೆ ಸರಿದು ಲ್ಯಾಂಕಷೈರಿನ ವಾರ್ಟನ್ ಗ್ರಾಮದಲ್ಲಿ ನೆಲೆಗೊಂಡಿತು. ಆ ಶಾಖೆಯ ಲಾರೆನ್ಸ್ ಎಂಬವನು ದಕ್ಷಿಣಕ್ಕೆ ಬಂದು ಉಣ್ಣೆಯ ವ್ಯಾಪಾರದಲ್ಲಿ ಹಣ ಮಾಡಿ, ೧೫೩೨ರಲ್ಲಿಯೂ ೧೫೪೫ರಲ್ಲಿಯೂ ನಾರ್ತಾಂಪ್ಟನ್ ನಗರದ ಮೇಯರನಾದನು. ಎಂಟನೆಯ ಹೆನ್ರಿಯು ಮಠಗಳನ್ನು ಮುಚ್ಚಿ ಅವುಗಳ ಭೂಮಿಯನ್ನು ಮಾರಿದಾಗ, ೧೫೩೯ರಲ್ಲಿ ೩೨೪ ಪೌಂಡು ೧೪ ಷಿಲಿಂಗು ೧೦ ಪೆನ್ಸು ಕೊಟ್ಟು ಸಲ್‌ಗ್ರೇವ್ ಎಂಬಲ್ಲಿಯ ಜಮೀನನ್ನು ಕೊಂಡನು. ಅವನು ಕಟ್ಟಿಸಿದ ಮನೆಯೂ ಈಗ ಪ್ರವಾಸಿಗಳಿಗೆ ತೆರೆದಿದೆ. ಬಾಗಿಲ ಚಾವಡಿಯ ಮೇಲೆ ಗಾರೆಯಲ್ಲಿ ಮಾಡಿದ ಪಟ್ಟೆಗಳನ್ನೂ ನಕ್ಷತ್ರಗಳನ್ನೂ ಕಾಣಬಹುದು. ಅವನ ಮರಿಮಗನೊಬ್ಬ, ಅವನೂ ಲಾರೆನ್ಸನೇ, ಎಸ್ಸೆಕ್ಸ್ ಪ್ರಾಂತದ ಪರ್ಲೀ ಗ್ರಾಮದಲ್ಲಿ ಪಾದ್ರಿಯಾಗಿದ್ದನು. ಅಂತರ್ಯುದ್ಧದ ಕಾಲದಲ್ಲಿ, ೧೬೪೩ರಲ್ಲಿ, ಹೆಂಡದಂಗಡಿಗಳಿಗೆ ಹೋಗುವವನೆಂಬ ಆರೋಪವನ್ನು ಹೊರಿಸಿ ಪಾರ್ಲಿಮೆಂಟಿನವರು ಅವನನ್ನು ಕೆಲಸದಿಂದ ತೆಗೆದರು. ಅವನು ರಾಜಪಕ್ಷದವನಾಗಿದ್ದುದೇ ನಿಜವಾದ ಅಪರಾಧವೆಂದು ನನಗೆ ತೋರುತ್ತದೆ. ಹೀಗೆ ಬಡತನಕ್ಕೆ ಬಿದ್ದ ಮನೆಯ ಮಗ ಜಾನ್ ಎಂಬವನು ತಂಬಾಕಿನ ಹಡಗಿನಲ್ಲಿ ಹೋಗಿ ೧೬೫೭ರಲ್ಲಿ ವರ್ಜೀನಿಯದಲ್ಲಿ ನಿಂತನು. ಅವನ ಮರಿಮಗನೇ ೧೭೩೨ರಲ್ಲಿ ಹುಟ್ಟಿದ ಜಾರ್ಜ್ ವಾಷಿಂಗ್ಟನ್ನನು.

ಇಂಗ್ಲೆಂಡಿನ ಲಾಂಛನಾಧಿಕಾರಿಯೊಬ್ಬನು ಈ ಜಾರ್ಜನಿಗೆ ಪತ್ರ ಬರೆದು ವಂಶಾವಳಿಯನ್ನು ವಿಚಾರಿಸಿದಾಗ, ಆ ವಿಷಯಕ್ಕೆ ತಾನು ಹೆಚ್ಚು ಗಮನ ಕೊಟ್ಟಿಲ್ಲವೆಂದೂ ಹಿರಿಯರು ಇಂಗ್ಲೆಂಡಿನ ಉತ್ತರದ ಯಾವುದೋ ಪ್ರಾಂತದಿಂದ ಬಂದವರೆಂದೂ ೧೭೯೨ರಲ್ಲಿ ಉತ್ತರ ಕೊಟ್ಟನು. ಅಭಿಜನವು ಅವನಿಗೆ ಅಷ್ಟರಮಟ್ಟಿಗೆ ಮರೆತುಹೋಗಿದ್ದಿತು. ಅವನಿಗೆ ಸ್ವಂತ ಮಕ್ಕಳಿರಲಿಲ್ಲ.

ಇಲ್ಲಿಯವರೆಗಿನದು ಇಂಗ್ಲಿಷ್ ವಂಶಗಳ ಚರಿತ್ರೆಯಲ್ಲಿ ಸಾಮಾನ್ಯವಾದ ಕಥೆ. ಇದಕ್ಕಾಗಿಯೇ ಆದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ೨೦೦೦ದಲ್ಲಿ ಅಮೆರಿಕದ ಖಾನೇಷುಮಾರಿಯವರು ಮನೆತನದ ಹೆಸರುಗಳನ್ನು ಎಣಿಸಿದಾಗ ವಾಷಿಂಗ್ಟನ್ ಎಂಬ ಹೆಸರಿನವರು ಆ ದೇಶದಲ್ಲಿ ೧,೬೩,೦೩೬ ಮಂದಿ ಇದ್ದರು. ಅವರಲ್ಲಿ ಪ್ರತಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಆಫ್ರಿಕಾ ಮೂಲದವರು. ಹೆಸರು ಹುಟ್ಟಿದ ಇಂಗ್ಲೆಂಡಿನಲ್ಲಿಯಾದರೋ ಅದು ವಿರಳ. ವಸ್ಸನ ಹೊಲಮನೆಯನ್ನು ಎಂದೂ ಕಾಣದ ಜನರಿಗೆ, ಆ ರಕ್ತದ ಸಂಬಂಧವಿಲ್ಲದ ಜನರಿಗೆ, ಈ ಹೆಸರು ಹೇಗೆ ಬಂದಿತು?

ತಂದೆಯು ತೀರಿಕೊಂಡಾಗ ಜಾರ್ಜನಿಗೆ ಹನ್ನೊಂದು ವಯಸ್ಸು. ಪಿತ್ರಾರ್ಜಿತವಾಗಿ ಬಂದ ಸ್ವತ್ತಿನಲ್ಲಿ ಹತ್ತು ಮಂದಿ ಗುಲಾಮರೂ ಇದ್ದರು. ಅವನು ೧೭೯೯ರಲ್ಲಿ ಮರಣ ಹೊಂದುವ ವೇಳೆಗೆ ಮೌಂಟ್ ವರ್ನನ್ ಎಂಬ ಅವನ ಜಮೀನಿನಲ್ಲಿದ್ದ ಗುಲಾಮರ ಸಂಖ್ಯೆ ೩೧೭. ಅವರಲ್ಲಿ ಅವನ ಸ್ವಂತಕ್ಕೆ ಸೇರಿದವರು ೧೨೩ ಮಂದಿ. ಹೆಂಡತಿಯ ಮರಣಾನಂತರ ಇವರನ್ನು ಬಿಡಬೇಕೆಂದು ಉಯಿಲು ಬರೆದಿದ್ದನು. ಆಕೆ ತಾನು ಬದುಕಿರುವಾಗಲೇ, ೧೮೦೧ರ ಜನವರಿ ೧ರಂದು, ಅವರನ್ನು ಬಿಡುಗಡೆ ಮಾಡಿದಳು. ಉಳಿದವರಲ್ಲಿ ಬಹುಮಂದಿ ಆಕೆಯ ಮೊದಲ ಗಂಡನ ಆಸ್ತಿಗೆ ಸೇರಿದ್ದುದರಿಂದ ಅವರಿಗೆ ಬಿಡುಗಡೆಯಾಗಲಿಲ್ಲ. ಗಂಡನಿಗೆ ಬಿಡುಗಡೆ, ಹೆಂಡತಿಮಕ್ಕಳಿಗೆ ಇಲ್ಲ, ಹೀಗೆ ಒಡೆದುಹೋದ ಸಂಸಾರಗಳು ಹಲವು. ಸ್ವಾತಂತ್ರ್ಯಕ್ಕಾಗಿ ಯುದ್ಧ ಮಾಡಿದವನ ಮನೆಯಲ್ಲಿ ಇದು ನಡೆಯಿತೆಂಬುದನ್ನು ಮುಚ್ಚಿಡುವ ಚರಿತ್ರೆ ಚರಿತ್ರೆಯಲ್ಲ.

ಅವರಲ್ಲೊಬ್ಬನು ಬಿಡುಗಡೆಯನ್ನು ಕಾಯಲಿಲ್ಲ. ಆಫ್ರಿಕದ ಗ್ಯಾಂಬಿಯಾ ಸೀಮೆಯಲ್ಲಿ ಹುಟ್ಟಿದ ಹ್ಯಾರಿ ಎಂಬವನು ೧೭೭೬ರಲ್ಲಿ ಮೌಂಟ್ ವರ್ನನ್ನಿನಿಂದ ಓಡಿಹೋಗಿ ಬ್ರಿಟಿಷರ ಸೈನ್ಯವನ್ನು ಸೇರಿದನು. ೧೭೮೩ರಲ್ಲಿ ಬ್ರಿಟಿಷರು ನ್ಯೂಯಾರ್ಕನ್ನು ಬಿಟ್ಟುಹೋಗುವಾಗ ತಮ್ಮೊಡನೆ ಕರೆದೊಯ್ದ ಕಪ್ಪು ಜನರ ಪಟ್ಟಿಯಲ್ಲಿ ಅವನ ಹೆಸರು ಹ್ಯಾರಿ ವಾಷಿಂಗ್ಟನ್ ಎಂದೂ, ವಯಸ್ಸು ೪೩ ಎಂದೂ, ಹಿಂದೆ ಜನರಲ್ ವಾಷಿಂಗ್ಟನ್ನನ ಸ್ವತ್ತಾಗಿದ್ದನೆಂದೂ ಬರೆದಿದೆ. ಓಡಿಬಂದವರನ್ನು ಹಿಂದಿರುಗಿಸಬೇಕೆಂದು ಜನರಲ್ಲನು ಕೇಳಿದನು. ಬ್ರಿಟಿಷ್ ಸೇನಾಪತಿಯು ಒಪ್ಪಲಿಲ್ಲ. ಹ್ಯಾರಿ ಮೊದಲು ಕೆನಡದ ನೋವಾ ಸ್ಕೋಷಿಯಕ್ಕೂ, ೧೭೯೨ರಲ್ಲಿ ಆಫ್ರಿಕದ ಸಿಯೆರಾ ಲಿಯೋನಿಗೂ ಹೋದನು. ಅಲ್ಲಿ ಕಂಪೆನಿಯವರು ಭೂಮಿಗೆ ಕಂದಾಯ ಹಾಕಿದುದನ್ನು ವಿರೋಧಿಸಿ ೧೮೦೦ದಲ್ಲಿ ನಿವಾಸಿಗಳು ದಂಗೆಯೆದ್ದಾಗ ಅವನೂ ಸೇರಿ ಗಡೀಪಾರಾದನು. ಒಡೆಯನೂ ತೆರಿಗೆಯ ಜಗಳದಿಂದಲೇ ಹೆಸರಾದವನಷ್ಟೆ!

ಹ್ಯಾರಿಯ ಹೆಸರು ಪಟ್ಟಿಯಲ್ಲಿ ಸೇರಿದುದು ಅಪೂರ್ವ ಸಂಗತಿ. ೧೮೫೦ರ ಮತ್ತು ೧೮೬೦ರ ಖಾನೇಷುಮಾರಿಯಲ್ಲಿ ಗುಲಾಮರನ್ನು ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟನ್ನೇ ಬರೆದು ಎಣಿಸಿದರು. ಅವರ ಹೆಸರು ಯಾರಿಗೂ ಬೇಕಾಗಿರಲಿಲ್ಲ. ೧೮೬೫ರಲ್ಲಿ ಗುಲಾಮಗಿರಿ ರದ್ದಾಗಿ, ೧೮೭೦ರ ಎಣಿಕೆಯಲ್ಲಿ ಮೊದಲ ಬಾರಿಗೆ ಎಲ್ಲರ ಹೆಸರನ್ನೂ ಬರೆಯಿಸಬೇಕಾಯಿತು. ಕೆಲವರು ತಮ್ಮೊಳಗೇ ಬಳಸುತ್ತಿದ್ದ ಮನೆತನದ ಹೆಸರನ್ನು ಬಹಿರಂಗಪಡಿಸಿದರು. ಕೆಲವರು ಹಳೆಯ ಒಡೆಯನದನ್ನು ಉಳಿಸಿಕೊಂಡರು. ಕೆಲವರು ತಮಗೆ ಮೆಚ್ಚಾದುದನ್ನು ಆರಿಸಿಕೊಂಡರು. ಆದುದರಿಂದ ವಾಷಿಂಗ್ಟನ್ ಎಂಬುವರೆಲ್ಲರೂ ಮೌಂಟ್ ವರ್ನನ್ನಿನ ಗುಲಾಮರ ಸಂತತಿಯೆಂದು ಭಾವಿಸುವುದು ತಪ್ಪು.

ಈ ಕ್ರಮದಲ್ಲಿ ಅತ್ಯಂತ ಸ್ವಾರಸ್ಯವಾದುದು ಬೂಕರ್ ಎಂಬ ಬಾಲಕನ ವೃತ್ತಾಂತ. ೧೮೫೬ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದ ಈ ಹುಡುಗನನ್ನು ೧೮೬೧ರಲ್ಲಿ ಒಡೆಯನ ಆಸ್ತಿಪಟ್ಟಿಯಲ್ಲಿ ೪೦೦ ಡಾಲರು ಬೆಲೆಯೆಂದು ನಮೂದಿಸಿದ್ದರು. ಬಿಡುಗಡೆಯಾದ ಮೇಲೆ ಮಲತಂದೆಯೊಡನೆ ಉಪ್ಪಿನ ಕಾರ್ಖಾನೆಯಲ್ಲಿ ದುಡಿದನು. ಮಲತಂದೆಯ ಪೀಪಾಯಿಗಳ ಮೇಲೆ ಬರೆಯುತ್ತಿದ್ದ ೧೮ ಎಂಬ ಅಂಕಿಯೇ ಅವನು ಮೊದಲು ಓದಲು ಕಲಿತ ಬರಹ. ಶಾಲೆಗೆ ಹೋದ ದಿನ ಉಪಾಧ್ಯಾಯರು ಹಾಜರಿ ಕರೆಯುತ್ತಿರಲು, ಎಲ್ಲ ಮಕ್ಕಳಿಗೂ ಎರಡೆರಡು ಹೆಸರುಗಳು, ಕೆಲವರಿಗೆ ಮೂರೂ ಇರುವುದನ್ನು ಗಮನಿಸಿದನು. ತನಗಿರುವುದು ಒಂದೇ. ಸರದಿ ಬರುವುದರೊಳಗೆ ಯೋಚಿಸಿ, ಕೇಳಿದಾಗ, ಹುಟ್ಟಿದಂದಿನಿಂದ ಅದೇ ಹೆಸರಿದ್ದವನಂತೆ ಬೂಕರ್ ವಾಷಿಂಗ್ಟನ್ ಎಂದು ಶಾಂತವಾಗಿ ಹೇಳಿಬಿಟ್ಟನು. ಮಲತಂದೆಯ ಹೆಸರು ವಾಷಿಂಗ್ಟನ್ ಫರ್ಗ್ಯುಸನ್ ಎಂದಿದ್ದಿತು. ಊರಿನಿಂದ ಮನೆತನಕ್ಕೆ, ಮನೆತನದಿಂದ ಒಬ್ಬ ಸೇನಾನಿಗೆ, ಸೇನಾನಿಯ ಕೀರ್ತಿಯಿಂದ ಒಬ್ಬ ಗುಲಾಮನ ಸ್ವಂತ ಹೆಸರಿಗೆ, ಅಲ್ಲಿಂದ ಮರಳಿ ಒಂದು ಮನೆತನಕ್ಕೆ! ನಾನು ಅನೇಕ ವರ್ಷ ಹಾಜರಿ ಕರೆದವನು. ಮಕ್ಕಳ ಆ ಉತ್ತರದಲ್ಲಿ ಇಷ್ಟು ಅಡಗಿರಬಹುದೆಂದು ಯಾರು ತಾನೆ ಎಣಿಸಿಯಾರು? ಮುಂದೆ ೧೮೮೧ರಲ್ಲಿ ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ಪ್ರಸಿದ್ಧ ವಿದ್ಯಾಸಂಸ್ಥೆಯನ್ನು ಬೆಳೆಯಿಸಿದ ಬೂಕರ್ ವಾಷಿಂಗ್ಟನ್ ಅವರು ಈ ಬಾಲಕನೇ.

ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಸಂಸ್ಥಾನಗಳಿಂದ ಲಕ್ಷಾಂತರ ಕಪ್ಪು ಜನರು ಉತ್ತರದ ನಗರಗಳಿಗೆ ವಲಸೆ ಹೋದಾಗ ಹೆಸರೂ ಅವರೊಡನೆ ಹೋಯಿತು. ೧೯೮೩ರಲ್ಲಿ ಷಿಕಾಗೋ ನಗರದ ಮೇಯರ್ ಆಗಿ ಆಯ್ಕೆಯಾದ ಮೊದಲನೆಯ ಕಪ್ಪು ಜನಾಂಗದವರು ಹೆರಾಲ್ಡ್ ವಾಷಿಂಗ್ಟನ್. ಅದಕ್ಕೂ ಮೊದಲು ರಾಜಧಾನಿಯಲ್ಲಿಯೇ ಒಂದು ವಿಶೇಷ ನಡೆದಿದ್ದಿತು. ನೂರು ವರ್ಷಗಳಿಗೂ ಮೇಲ್ಪಟ್ಟು ಆ ನಗರಕ್ಕೆ ಚುನಾಯಿತ ಮೇಯರ್ ಇರಲಿಲ್ಲ. ೧೯೭೪ರಲ್ಲಿ ಚುನಾವಣೆ ನಡೆದು, ೧೯೭೫ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡವರು ವಾಲ್ಟರ್ ವಾಷಿಂಗ್ಟನ್ ಎಂಬವರು; ಗುಲಾಮನೊಬ್ಬನ ಮರಿಮಗ. ಆ ನಗರದ ಧ್ವಜವು ೧೯೩೮ರಲ್ಲಿ ಅಂಗೀಕೃತವಾದುದು: ಬಿಳಿಯ ನೆಲದ ಮೇಲೆ ಎರಡು ಕೆಂಪು ಪಟ್ಟೆಗಳು, ಮೇಲುಗಡೆ ಮೂರು ಕೆಂಪು ನಕ್ಷತ್ರಗಳು.