ಹಳೆಯ ಮನೆಗೆ ಹೊಸ ಅಂಕಣ

ಜೀರ್ಣೋದ್ಧಾರವೆಂಬ ಮಾತನ್ನು ನಾವು ದೇವಾಲಯಗಳಿಗೆ ಮಾತ್ರ ಮೀಸಲಿಟ್ಟಿರುವಂತೆ ತೋರುತ್ತದೆ. ಗುಡಿಯ ಕಂಬ ವಾಲಿದರೆ ಊರೆಲ್ಲ ಕೂಡಿ ನಿಲ್ಲಿಸುವೆವು; ಮನೆಯ ಕಂಬ ವಾಲಿದರೆ ಮನೆಯನ್ನೇ ಕೆಡವಲು ಹವಣಿಸುವೆವು. ಮಯಮತವೆಂಬ ಸಂಸ್ಕೃತ ವಾಸ್ತುಗ್ರಂಥದಲ್ಲಿ ಮರದ ಸಂಧಿಗಳಿಗೆ ಒಂದು ಅಧ್ಯಾಯವೂ, ಜೀರ್ಣವಾದ ಕಟ್ಟಡಗಳನ್ನು ಸರಿಪಡಿಸುವ ವಿಧಾನಕ್ಕೆ ಬೇರೊಂದು ಅಧ್ಯಾಯವೂ ಇವೆ. ಕಟ್ಟುವ ವಿದ್ಯೆಯಲ್ಲಿ ಕಾಪಾಡುವ ವಿದ್ಯೆಯೂ ಸೇರಿದೆಯೆಂಬುದು ಇದರ ತಾತ್ಪರ್ಯವಷ್ಟೆ.

ಮಲೆನಾಡಿನ ನಮ್ಮ ಮನೆಯು ಮುತ್ತಜ್ಜನವರ ಕಾಲದ್ದು: ಮಣ್ಣಿನ ಗೋಡೆ, ಹಲಸಿನ ಕಂಬ, ಮತ್ತಿಯ ತೊಲೆ, ಮೇಲೆ ಮಂಗಳೂರು ಹಂಚು. ಸಂಸಾರ ಬೆಳೆದು ಸ್ಥಳ ಸಾಲದಾದಾಗ, ಇದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸೋಣವೆಂದು ಮಗನು ಸೂಚಿಸಿದನು. ಅದರಲ್ಲಿ ಅಗೌರವವಿರಲಿಲ್ಲ, ಅವಶ್ಯಕತೆಯಿತ್ತು. ಹಿರಿಯರ ಹೆಸರು ಹೇಳಿ ಕಿರಿಯರ ಅನುಕೂಲವನ್ನು ತಡೆಯುವುದು ನ್ಯಾಯವಲ್ಲ; ಆದರೆ ಅನುಕೂಲಕ್ಕೆ ಕೆಡಹುವುದೊಂದೇ ದಾರಿಯೂ ಅಲ್ಲ.

ಊರಿನ ವೃದ್ಧ ಬಡಗಿಯು ಬಂದು ಪ್ರತಿಯೊಂದು ಕಂಬವನ್ನೂ ತಟ್ಟಿ ನೋಡಿದನು. “ಮೇಷ್ಟ್ರೇ, ಮರ ಗಟ್ಟಿಯಾಗಿದೆ, ಬುಡ ಮಾತ್ರ ಹೋಗಿದೆ” ಎಂದನು. ಕೊಳೆತ ಬುಡವನ್ನಷ್ಟೇ ಕೊಯ್ದು, ಅದೇ ಜಾತಿಯ ಮರದ ತುಂಡನ್ನು ಕೂಡಿಸಿ, ಕೆಳಗೆ ಕಲ್ಲನ್ನಿಟ್ಟನು. ಹಿಂದೆ ಗೋಡೆಗೆ ಬಳಿದಿದ್ದ ಸಿಮೆಂಟನ್ನು ಕೀಳಿಸಿ ಸುಣ್ಣದ ಗಾರೆ ಮಾಡಿಸಿದೆವು. ಸಿಮೆಂಟು ಮಣ್ಣುಗೋಡೆಯ ತೇವವನ್ನು ಹೊರಬಿಡದೆ ಒಳಗೇ ತಡೆದಿಡುವುದು. ಸುಣ್ಣವಾದರೋ ಗೋಡೆಗೆ ಉಸಿರಾಡಲು ಎಡೆಗೊಡುವುದು.

ಹಿತ್ತಿಲ ಕಡೆಗೆ ಎರಡು ಅಂಕಣಗಳನ್ನು ಮರದಿಂದಲೇ ಸೇರಿಸಿದೆವು. ಕಾಡಿನ ಮರವನ್ನು ಬಯಸದೆ, ಕೆಡವಿದ ಮನೆಯೊಂದರ ತೊಲೆಗಳನ್ನು ಕೊಂಡೆವು. ಕೊರತೆಗೆ ಹಿತ್ತಿಲ ಹಲಸೊಂದು ಒದಗಿತು. ಹೊಸ ಅಂಕಣವು ತನ್ನ ಕಂಬಗಳ ಮೇಲೆ ತಾನೇ ನಿಂತಿದೆ. ಹಳೆಯ ಗೋಡೆಯ ಮೇಲೆ ಅದರ ಭಾರವಿಲ್ಲ. ಮುಂದೆ ಯಾರಾದರೂ ಬೇಡವೆಂದರೆ ಬಿಚ್ಚಿ ಬೇರೆಡೆ ಕಟ್ಟಬಹುದು. ನೀರಿಗೂ ಮರಕ್ಕೂ ಹೊಂದಿಕೆಯಿಲ್ಲವಾದುದರಿಂದ ಬಚ್ಚಲನ್ನು ಮಾತ್ರ ಕಲ್ಲಿನಿಂದ ಪ್ರತ್ಯೇಕವಾಗಿ ಕಟ್ಟಿಸಿದೆವು. ಹೊಸ ಮರಕ್ಕೆ ಹಳೆಯ ಬಣ್ಣವನ್ನು ಬಳಿಯಲಿಲ್ಲ. ಹೊಸತು ಹೊಸತಾಗಿಯೇ ಕಾಣಲಿ.

ಮರವೆಂದರೆ ಬೆಂಕಿಯ ಭಯವೆಂದು ಕೆಲವರು ಆಕ್ಷೇಪಿಸಿದರು. ಭಯವು ನಿರಾಧಾರವಲ್ಲ. ಮೈಸೂರಿನ ಹಳೆಯ ಮರದ ಅರಮನೆಯು 1897ರಲ್ಲಿ, ರಾಜಕುಮಾರಿಯ ವಿವಾಹಕಾಲದಲ್ಲಿ, ಬೆಂಕಿಗೆ ಆಹುತಿಯಾಯಿತು. ಇಂದಿನ ಅರಮನೆ ಪೂರ್ಣವಾದದ್ದು 1912ರಲ್ಲಿ. ಆದುದರಿಂದ ಅಡಿಗೆಮನೆಯನ್ನು ಮಣ್ಣುಗೋಡೆಗಳ ನಡುವೆಯೇ ಉಳಿಸಿ, ವಿದ್ಯುತ್ತಿನ ತಂತಿಗಳನ್ನೆಲ್ಲ ಹೊಸದಾಗಿ ಹಾಕಿಸಿದೆವು. ಗೆದ್ದಲಿಗೆ ಕಂಬದಡಿಯ ಕಲ್ಲೂ, ವರ್ಷಕ್ಕೊಮ್ಮೆ ಯಜಮಾನನ ಕಣ್ಣೂ ಬೇಕು.

ಒಣಮರದ ತೂಕದಲ್ಲಿ ಸುಮಾರು ಅರ್ಧಭಾಗ ಇಂಗಾಲವೇ. ಮರವು ಬೆಳೆಯುವಾಗ ಗಾಳಿಯಿಂದ ಹೀರಿದ್ದು. ತೊಲೆಯು ತೊಲೆಯಾಗಿ ಉಳಿದಿರುವವರೆಗೆ ಅದು ಗಾಳಿಗೆ ಮರಳದು. ಹಳೆಯ ಮನೆಯನ್ನು ಉಳಿಸಿದವನು ಪಿತೃಗಳ ಋಣವನ್ನಷ್ಟೇ ಅಲ್ಲ, ಮೊಮ್ಮಕ್ಕಳ ಋಣವನ್ನೂ ಕಿಂಚಿತ್ತು ತೀರಿಸಿದಂತಾಗುವುದು. ವಾಚಕರ ಮನೆಯಲ್ಲಿ ಕಂಬವೊಂದು ವಾಲಿದ್ದರೆ, ಕೆಡಹುವವರಿಗೆ ಹೇಳಿಕಳುಹಿಸುವ ಮುನ್ನ ಬಡಗಿಗೆ ಹೇಳಿಕಳುಹಿಸಬೇಕೆಂದು ನನ್ನ ವಿಜ್ಞಾಪನೆ.