ಮಾರುತ್ ವಿಮಾನ ಮತ್ತು ಅಪ್ಪನ ಕೀಸುಳಿ

ನಿವೃತ್ತಿಯ ನಂತರ ಕಾಲ ಹೇಗೆ ಕಳೆಯುತ್ತೀರಿ ಎಂದು ಕೇಳುವ ಹಿತೈಷಿಗಳಿಗೆ ಕಳೆದೊಂದು ವರ್ಷ ನಾನು ಕೊಡುತ್ತಿದ್ದ ಉತ್ತರ "ವಿಮಾನ ಕಟ್ಟುತ್ತಿದ್ದೇನೆ" ಎಂಬುದು. ಕೆಲವರು ನಕ್ಕರು. ಕೆಲವರು ನನ್ನ ಮುಖವನ್ನು ಒಮ್ಮೆ ದಿಟ್ಟಿಸಿ ನೋಡಿ ಮಾತು ಬದಲಿಸಿದರು. ನನ್ನ ಶ್ರೀಮತಿಯಂತೂ, "ಸೋರೋ ನಲ್ಲಿ ಸರಿಮಾಡೋಕೆ ಬರಲ್ಲ, ವಿಮಾನ ಮಾಡ್ತಾರಂತೆ" ಎಂದು ಬಂದವರ ಮುಂದೆಯೇ ಹೇಳಿಬಿಟ್ಟಳು. ಅವಳ ಮಾತಿನಲ್ಲಿ ಸತ್ಯವಿತ್ತು. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನ ಕಲಿಸಿದ ನಾನು ಕಪ್ಪುಹಲಗೆಯ ಮೇಲೆ ಎಷ್ಟೋ ವಿಮಾನಗಳ ಚಿತ್ರ ಬರೆದಿದ್ದೆ. ಕೈಯಾರೆ ಒಂದು ಸ್ಟೂಲನ್ನೂ ಮಾಡಿದವನಲ್ಲ.

ಈ ಹುಚ್ಚಿನ ಮೂಲ ಹಳೆಯದು. ಬಂಗಾರಪೇಟೆಯಿಂದ ಮಕ್ಕಳನ್ನು ಶೈಕ್ಷಣಿಕ ಪ್ರವಾಸಕ್ಕೆ ಕರೆದೊಯ್ಯುವಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ತಪ್ಪುತ್ತಿರಲಿಲ್ಲ. ಅದರ ಹೊರಗೆ ಎಚ್‌ಎಫ್-24 ಮಾರುತ್ ಎಂಬ ಯುದ್ಧವಿಮಾನವೊಂದು ನಿಂತಿದೆ. ಒಂದು ಸಲ ಮಗುವೊಂದು ಅದರ ಮುಂದೆ ನಿಂತು, "ಸಾರ್, ಇಷ್ಟು ಚೆನ್ನಾಗಿದೆಯಲ್ಲ, ಇದು ಯಾಕೆ ಈಗ ಹಾರಲ್ಲ?" ಎಂದು ಕೇಳಿತು. "ಹಳೇದಾಯ್ತು, ಅದಕ್ಕೇ" ಎಂದೆ. ಬಸ್ಸಿಗೆ ಹೊತ್ತಾಗಿತ್ತು, ತಲೆ ಎಣಿಸಬೇಕಿತ್ತು. ಕೇಳಿದ ಮಗು ಯಾರೆಂಬುದು ನೆನಪಿಲ್ಲ. ಆದರೆ ಉತ್ತರ ಗೊತ್ತಿಲ್ಲದೆಯೇ ಉತ್ತರ ಕೊಟ್ಟೆನೆಂಬ ಅಳುಕು ಮಾತ್ರ ನನ್ನನ್ನು ಬಿಡಲಿಲ್ಲ.

ನಿವೃತ್ತನಾದ ಮೇಲೆ ಓದಿಕೊಂಡೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನವನ್ನು ರೂಪಿಸಿದ ಕರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಮ್ಮ ಎಂಜಿನಿಯರುಗಳ ಜೊತೆ ಕುಳಿತು ರೂಪಿಸಿದ್ದೇ ಮಾರುತ್. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲ ಬಾರಿಗೆ ಹಾರಿಸಿದರು. 1970ರ ಜನವರಿಯಲ್ಲಿ ಅದೇ ಬಗೆಯ ವಿಮಾನವೊಂದರ ಪರೀಕ್ಷಾ ಹಾರಾಟದಲ್ಲಿ ಅವರು ಪ್ರಾಣ ತೆತ್ತರು. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ತಿರುಗುವ ರಸ್ತೆಗೆ ಅವರದೇ ಹೆಸರಿದೆ. ಎಷ್ಟೋ ಸಲ ಆ ಫಲಕವನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಯಾರೆಂದು ಯೋಚಿಸಿರಲಿಲ್ಲ.

ಓದುತ್ತಾ ಹೋದಂತೆ ಇನ್ನೊಂದು ಸಂಗತಿ ಸಿಕ್ಕಿತು. ಲೋಹದ ಮಾರುತ್ ಹಾರುವ ಮೊದಲೇ ಅದರ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಬೆಂಗಳೂರಿನಲ್ಲಿ ಮಾಡಿದ್ದರಂತೆ. ಎಕ್ಸ್-241 ಎಂದು ಅದರ ಹೆಸರು. 1959ರಲ್ಲಿ ಡಕೋಟಾ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಟ್ಟಿತು. ಎಂಜಿನ್ ಇಲ್ಲದೆ ಅದು ತೇಲಿ ಇಳಿಯುವುದನ್ನು ನೋಡಿಯೇ ರೆಕ್ಕೆಯ ಗುಣವನ್ನು ತಿಳಿದರು. ಅಂದರೆ ಮೊದಲ ಮಾರುತ್ ಮರದ್ದು. ಇದನ್ನು ಓದಿದಾಗ ನನಗೆ ನೆನಪಾದವರು ನಮ್ಮಪ್ಪ.

ಅಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಬಡಗಿ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದ ಆ ಗಣಿಯ ಸುರಂಗಗಳಿಗೆ ಆನಿಸುವ ಮರದ ದಿಮ್ಮಿ, ಏಣಿ, ಬಾಗಿಲು ಇವೇ ಅವರ ಕೆಲಸ. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮನೆಯಲ್ಲಿ ಅವರದೇ ಒಂದು ಹತಾರ ಪೆಟ್ಟಿಗೆ ಇತ್ತು. ನಾನು ಅದನ್ನು ಮುಟ್ಟುವಂತಿರಲಿಲ್ಲ. ಒಮ್ಮೆ ಉಳಿ ಹಿಡಿದು ಕೂತಿದ್ದಾಗ ಕೈಯಿಂದ ಕಿತ್ತುಕೊಂಡು, "ಇದು ನನ್ನ ಜೊತೆಗೇ ಮುಗೀಲಿ, ನೀನು ಓದು" ಎಂದಿದ್ದರು. ನಾನು ಓದಿದೆ, ಬಿಎಡ್ ಮಾಡಿದೆ, ಮೇಷ್ಟ್ರಾದೆ. ಪೆಟ್ಟಿಗೆ ಅಟ್ಟ ಸೇರಿತು.

ಅದನ್ನು ಕೆಳಗಿಳಿಸಿದಾಗ ಕೀಸುಳಿಯ ಅಲಗಿಗೆ ತುಕ್ಕು ಹಿಡಿದಿತ್ತು. ಆದರೆ ಅಪ್ಪನ ಹೆಬ್ಬೆರಳು ಕೂರುತ್ತಿದ್ದ ಜಾಗದಲ್ಲಿ ಮರ ನುಣ್ಣಗೆ ಸವೆದು, ಮೊನ್ನೆ ಮೊನ್ನೆ ಬಳಸಿದಂತೆ ಹೊಳೆಯುತ್ತಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಕಾರ್ಖಾನೆಯಲ್ಲಿ ಪಾಳಿ ಕೆಲಸ, ಬಿಡುವಿನಲ್ಲಿ ರೇಡಿಯೊ ನಿಯಂತ್ರಿತ ವಿಮಾನ ಹಾರಿಸುವ ಹವ್ಯಾಸ. ಮಾರುತ್ ಮಾಡಬೇಕೆಂದಾಗ ಅವನು ಕೈಮುಗಿದ. "ಸಾರ್, ಬೇರೆಯವರಿಗೆ ಹೇಳೋ ಹಾಗೆ ನಿಮಗೂ ಹೇಳ್ತೀನಿ. ಮೊದಲು ರೆಕ್ಕೆ ಮೇಲಿರೋ ಟ್ರೈನರ್ ವಿಮಾನದಲ್ಲಿ ಕಲೀರಿ. ಹಿಂದಕ್ಕೆ ಬಾಗಿದ ಸಣ್ಣ ರೆಕ್ಕೆ ನಿಧಾನವಾದ್ರೆ ತುದಿಯಿಂದ ಕುಸಿಯುತ್ತೆ, ಹೊಸಬರನ್ನ ಕ್ಷಮಿಸಲ್ಲ." ಕೊನೆಗೆ ರಾಜಿಯಾಯಿತು. ಕಟ್ಟುವುದು ಮಾರುತ್, ಕಲಿಯುವುದು ಅವನ ಟ್ರೈನರ್‌ನಲ್ಲಿ. ರಾತ್ರಿ ಕಂಪ್ಯೂಟರಿನ ಸಿಮ್ಯುಲೇಟರಿನಲ್ಲಿ ಅಭ್ಯಾಸ. ವಿಮಾನ ನಮ್ಮ ಕಡೆಗೆ ಮುಖ ಮಾಡಿ ಬರುವಾಗ ಎಡಬಲ ತಿರುವುಮುರುವಾಗುತ್ತದೆ. ಅರವತ್ತು ದಾಟಿದ ತಲೆಗೆ ಅದು ಒಗ್ಗಲು ಮೂರು ತಿಂಗಳು ಬೇಕಾಯಿತು.

ನಿಜವಾದ ಮಾರುತ್‌ನ ರೆಕ್ಕೆಯ ಹರವು 9 ಮೀಟರ್, ಉದ್ದ ಸುಮಾರು 15.9 ಮೀಟರ್. ಹನ್ನೆರಡರಲ್ಲಿ ಒಂದು ಪಾಲು ಎಂದು ಲೆಕ್ಕ ಹಾಕಿ, 75 ಸೆಂಟಿಮೀಟರ್ ಹರವು, 132 ಸೆಂಟಿಮೀಟರ್ ಉದ್ದಕ್ಕೆ ನಕ್ಷೆ ಬರೆದೆವು. ಬಾಲ್ಸಾ ಮರ ಕೈಯಲ್ಲಿ ಹಿಡಿದರೆ ಹಪ್ಪಳದಷ್ಟು ಹಗುರ. ಅಪ್ಪನ ಕೀಸುಳಿಯನ್ನು ಅದರ ಮೇಲಿಟ್ಟ ಮೊದಲ ದಿನ ಎರಡು ಹಲಗೆ ಹರಿದವು. ಅಲಗು ಮೊಂಡಾಗಿತ್ತು, ನನ್ನ ಕೈಯೂ ಮೊಂಡಾಗಿತ್ತು. ಸಾಣೆ ಹಿಡಿಯುವುದನ್ನು ಪೇಟೆಯ ಬಡಗಿಯೊಬ್ಬರಿಂದ ಕಲಿತೆ. ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಕತ್ತರಿಸಿ, ಎಲ್ಲವನ್ನೂ ಒಟ್ಟಿಗೆ ಬಿಗಿದು ಉಪ್ಪುಕಾಗದದಿಂದ ಉಜ್ಜಿ, ಅಂಟು ಹಾಕಿದೆ. ಒಳಗೆ ಮೂರು ಸರ್ವೋಗಳು: ರೆಕ್ಕೆಗೆ ಒಂದೊಂದು, ಬಾಲಕ್ಕೆ ಒಂದು. ಎರಡು ಜೆಟ್ ಎಂಜಿನ್‌ಗಳಿಗೆ ಬದಲಾಗಿ ಬಾಲದಲ್ಲಿ ಒಂದು ವಿದ್ಯುತ್ ಮೋಟಾರು, ಹಿಂದಿನಿಂದ ತಳ್ಳುವ ಪ್ರೊಪೆಲ್ಲರ್. ಬ್ಯಾಟರಿ ಮೂಗಿನಲ್ಲಿ. ಆ ಬ್ಯಾಟರಿಯ ಮುಚ್ಚಳವನ್ನು ಮಾತ್ರ ಬಾಲ್ಸಾದಿಂದ ಮಾಡದೆ, ಅಪ್ಪನ ಪೆಟ್ಟಿಗೆಯಲ್ಲಿ ಉಳಿದಿದ್ದ ತೇಗದ ತುಂಡೊಂದರಿಂದ ಮಾಡಿದೆ. "ಭಾರ ಆಗುತ್ತೆ ಸಾರ್" ಎಂದ ಶಿಷ್ಯ. ಕೇಳಿಸದವನಂತಿದ್ದೆ.

ಕಟ್ಟುವುದಕ್ಕಿಂತ ಮುಗಿಸುವುದು ಕಷ್ಟವೆಂದು ಯಾರೂ ಹೇಳಿರಲಿಲ್ಲ. ಅಸ್ಥಿಪಂಜರ ನಿಂತಾಗ ಕೆಲಸ ಮುಗಿಯಿತೆಂದುಕೊಂಡೆ. ಆಮೇಲೆ ಅಷ್ಟೇ ಕಾಲ ಹಿಡಿಯಿತು. ರೆಕ್ಕೆಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ಬಿಗಿಯಬೇಕು. ಒಂದು ಕಡೆ ಹೆಚ್ಚು ಬಿಗಿದರೆ ರೆಕ್ಕೆಯೇ ತಿರುಚಿಕೊಳ್ಳುತ್ತದೆ. ಒಡಲಿಗೆ ಪ್ರೈಮರ್ ಬಳಿದು, ಒಣಗಿಸಿ, ಬಹುಪಾಲು ಉಜ್ಜಿ ತೆಗೆಯಬೇಕು, ಬಣ್ಣಕ್ಕೂ ತೂಕವಿದೆ. ಕೊನೆಗೆ ವಾಯುಪಡೆಯ ವೃತ್ತ ಚಿಹ್ನೆ: ಹೊರಗೆ ಕೇಸರಿ, ನಡುವೆ ಬಿಳಿ, ಮಧ್ಯದಲ್ಲಿ ಹಸಿರು. ತೂಗಿದಾಗ ಸುಮಾರು 900 ಗ್ರಾಂ. ಅದನ್ನು ನೋಡಿ ನನ್ನ ಶ್ರೀಮತಿ ಏನೂ ಹೇಳಲಿಲ್ಲ. ಆದರೆ ಅದಿದ್ದ ಮೇಜಿನ ಮೇಲೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದಳು.

ನಾನು ಎಡವಿದ್ದು ಇಲ್ಲಿಂದ ಮುಂದೆ. ವಿಮಾನ ಯಾವ ಬಿಂದುವಿನಲ್ಲಿ ಸಮತೋಲವಾಗಿ ನಿಲ್ಲಬೇಕೆಂಬುದು ಮೊದಲೇ ನಿರ್ಧಾರವಾಗಬೇಕು. ರೆಕ್ಕೆಯ ಮುಂಅಂಚಿನಿಂದ ಅದರ ಅಗಲದ ಕಾಲು ಭಾಗದಷ್ಟು ಹಿಂದೆ ಎಂಬುದು ಸಾಮಾನ್ಯ ಸೂತ್ರ. ಬುಡದಲ್ಲಿ ರೆಕ್ಕೆಯ ಅಗಲ ಅಳೆದು, ಕಾಲು ಭಾಗ ಗುರುತು ಹಾಕಿ, ಅಲ್ಲಿಗೆ ತೂಕ ಹೊಂದುವಂತೆ ಮೂಗಿಗೆ ಸೀಸದ ತುಂಡುಗಳನ್ನೂ ಅಂಟಿಸಿದೆ. ಮೇಷ್ಟ್ರ ಲೆಕ್ಕ, ತಪ್ಪುವುದುಂಟೇ! ಆ ಭಾನುವಾರ ಶಿಷ್ಯನಿಗೆ ಪಾಳಿ ಇತ್ತು. "ನಾನು ನೋಡೋವರೆಗೂ ಹಾರಿಸಬೇಡಿ ಸಾರ್" ಎಂದು ಹೇಳಿಯೇ ಹೋಗಿದ್ದ. ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆದುಕೊಂಡು, ರಾಗಿ ಕುಯ್ಲು ಮುಗಿದಿದ್ದ ಹೊಲವೊಂದಕ್ಕೆ ಒಡೆಯರನ್ನು ಕೇಳಿ ಹೋದೆ. ರೈಲು ಹಳಿ, ಕರೆಂಟ್ ತಂತಿ ಎರಡರಿಂದಲೂ ದೂರ. ಆಚೆ ದಿಗಂತದಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಮಂಕಾಗಿ ಕಾಣುತ್ತಿದ್ದವು.

ಹುಡುಗ ಎಸೆದ, ನಾನು ಮೋಟಾರು ಏರಿಸಿದೆ. ವಿಮಾನ ಹತ್ತು ಮಾರು ಹೋಗಿ, ನಾನು ಬಾಲವನ್ನು ಪೂರ್ತಿ ಎಳೆದರೂ ಕೇಳದೆ, ಮೂಗು ತಗ್ಗಿಸಿಕೊಂಡು ರಾಗಿ ಕೂಳೆಯೊಳಗೆ ನುಗ್ಗಿತು. ನಾಲ್ಕು ಸೆಕೆಂಡೂ ಆಗಿರಲಿಲ್ಲ. ಮೂಗು ಪುಡಿಯಾಗಿತ್ತು. ತೇಗದ ಮುಚ್ಚಳವೊಂದು ಮಾತ್ರ ನೆಟ್ಟಗಿತ್ತು.

ಶಿಷ್ಯ ಬಂದು ನೋಡಿ ಬೈಯಲಿಲ್ಲ. ಅದೇ ಹೆಚ್ಚು ನಾಚಿಕೆಯಾಯಿತು. ಒಂದು ಕಾಗದ ತೆಗೆದು ರೆಕ್ಕೆಯ ಚಿತ್ರ ಬರೆದು, "ಸಾರ್, ಇದರ ಸರಾಸರಿ ಅಗಲ ಎಲ್ಲಿದೆ?" ಎಂದ. ಆಗ ಹೊಳೆಯಿತು. ನೇರ ರೆಕ್ಕೆಗಾದರೆ ಬುಡದಲ್ಲಿ ಅಳೆದರೂ ಸರಿಯೇ. ಮಾರುತ್‌ನ ರೆಕ್ಕೆ ಹಿಂದಕ್ಕೆ ಬಾಗಿದ್ದು. ಅದರ ಹೆಚ್ಚಿನ ಭಾಗ ಬುಡಕ್ಕಿಂತ ಎಷ್ಟೋ ಹಿಂದಿದೆ. ಕಾಲು ಭಾಗವನ್ನು ಆ ಸರಾಸರಿ ಅಗಲದಲ್ಲಿ ಅಳೆಯಬೇಕಿತ್ತು. ಬುಡದ ಅಗಲವನ್ನು ತುದಿಯ ಮುಂದಕ್ಕೂ, ತುದಿಯ ಅಗಲವನ್ನು ಬುಡದ ಹಿಂದಕ್ಕೂ ಸೇರಿಸಿ ಗೆರೆಯೆಳೆದು, ಅದು ರೆಕ್ಕೆಯ ನಡುಗೆರೆಯನ್ನು ಛೇದಿಸುವ ಜಾಗ ಹುಡುಕಿದರೆ ಸಾಕು. ಹತ್ತನೇ ತರಗತಿಯ ರೇಖಾಗಣಿತ. ನನ್ನ ಗುರುತು ಇರಬೇಕಾದ ಜಾಗಕ್ಕಿಂತ ನಾಲ್ಕು ಬೆರಳಿಗೂ ಹೆಚ್ಚು ಮುಂದಿತ್ತು. ಇಷ್ಟು ವರ್ಷ ಮಕ್ಕಳಿಗೆ ಗುರುತ್ವ ಕೇಂದ್ರದ ವ್ಯಾಖ್ಯೆ ಬರೆಸಿದವನು ನಾನು. ವ್ಯಾಖ್ಯೆ ಸರಿಯಾಗಿಯೇ ಇತ್ತು. ಅದನ್ನು ಎಂದೂ ಬೆರಳ ಮೇಲೆ ಹೊತ್ತು ನೋಡಿರಲಿಲ್ಲ, ಅಷ್ಟೆ.

ಮೂಗು ಹೊಸದಾಗಿ ಮಾಡಲು ಒಂದು ತಿಂಗಳು. ಈ ಸಲ ಕೀಸುಳಿ ಮಾತು ಕೇಳಿತು. ಹೂಪಕಳೆಯಂಥ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಸೀಸ ತೆಗೆದೆವು. ಬ್ಯಾಟರಿ ಹಿಂದಕ್ಕೆ ಸರಿಸಿದೆವು. "ಮುಚ್ಚಳ ಇರಲಿ ಬಿಡಿ ಸಾರ್, ಬ್ಯಾಟರಿ ಇನ್ನೊಂಚೂರು ಹಿಂದಕ್ಕೆ ಹೋದ್ರೆ ಆಯ್ತು" ಎಂದ ಶಿಷ್ಯ, ನಾನು ಕೇಳುವ ಮೊದಲೇ.

ಮಾದರಿ ವಿಮಾನಕ್ಕೂ ಈಗ 2021ರ ಡ್ರೋನ್ ನಿಯಮಗಳಿವೆ. ವಲಯದ ನಕ್ಷೆ ನೋಡಿಕೊಂಡು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಅದೇ ಹೊಲ, ಗಾಳಿಯಿಲ್ಲದ ಬೆಳಗ್ಗೆ. ಶಿಷ್ಯ ಎಸೆದ. ವಿಮಾನ ಒಮ್ಮೆ ತಗ್ಗಿ, ಮೇಲೆದ್ದು, ನಾನು ಮುಟ್ಟದಿದ್ದರೂ ನೆಟ್ಟಗೆ ಹೋಯಿತು. ಮೂರು ಸುತ್ತು ಹಾಕಿಸಿದೆ. ಕಡ್ಡಿ ಹಿಡಿದ ಹೆಬ್ಬೆರಳುಗಳು ನಡುಗುತ್ತಿದ್ದವು. ಎರಡು ನಿಮಿಷದ ನಂತರ ಹೊಟ್ಟೆಯ ಮೇಲೆ ಜಾರಿ ಇಳಿಯಿತು. ಶಿಷ್ಯ "ಪಾಸ್ ಸಾರ್" ಎಂದ.

ಆ ಮಗುವಿಗೆ ಕೊಡಬೇಕಿದ್ದ ಉತ್ತರ ಈಗ ನನ್ನಲ್ಲಿದೆ. ಮಾರುತ್ ಹಳೆಯದಾಗಿದ್ದರಿಂದಷ್ಟೇ ನಿಂತದ್ದಲ್ಲ. ಅದರ ಒಡಲನ್ನು ರೂಪಿಸಿದ್ದು ಹೆಚ್ಚು ಬಲದ ಎಂಜಿನ್ ಒಂದಕ್ಕಾಗಿ. ಆ ಎಂಜಿನ್ ಬರಲೇ ಇಲ್ಲ. ಆರ್ಫಿಯಸ್ 703 ಎಂಬ ಕಡಿಮೆ ಬಲದ ಎರಡು ಎಂಜಿನ್‌ಗಳಲ್ಲೇ ಅದು ಜೀವನ ಸವೆಸಿತು. ಹಾಗಿದ್ದೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿತು. ಒಟ್ಟು 147 ವಿಮಾನಗಳಾದವು. 1990ರಲ್ಲಿ ಸೇವೆ ಮುಗಿಯಿತು. ಅದರ ಮೈಕಟ್ಟಿನಲ್ಲಿ ದೋಷವಿರಲಿಲ್ಲ ಎಂದು ಆ ಮಗುವಿಗೆ ಹೇಳಬೇಕಿತ್ತು.

ಅಪ್ಪನಿಗೂ ಒಂದು ಮಾತು ಹೇಳಬೇಕಿತ್ತು. 2001ರ ಫೆಬ್ರವರಿ 28ರಂದು ಚಿನ್ನದ ಗಣಿಗಳು ಮುಚ್ಚಿದವು. ಅದನ್ನು ನೋಡಲು ಅವರಿರಲಿಲ್ಲ. ತಮ್ಮ ಕಸುಬು ತಮ್ಮೊಂದಿಗೇ ಮುಗಿಯಲಿ ಎಂದದ್ದು ನನ್ನ ಮೇಲಿನ ಪ್ರೀತಿಯಿಂದ, ಬಲ್ಲೆ. ಆದರೆ ಬೆಂಗಳೂರಿನಲ್ಲಿ ಮೊದಲ ಮಾರುತ್ ಅನ್ನು ಅವರಂಥದೇ ಕೈಗಳು ಮರದಲ್ಲಿ ಮಾಡಿದ್ದವೆಂದು ತಿಳಿದಿದ್ದರೆ, ಉಳಿಯನ್ನು ಅಷ್ಟು ಬೇಗ ಕಿತ್ತುಕೊಳ್ಳುತ್ತಿರಲಿಲ್ಲವೇನೋ.

ಕಳೆದ ತಿಂಗಳು ವಿಮಾನವನ್ನು ಒಂದು ಶಾಲೆಗೆ ಕೊಂಡೊಯ್ದಿದ್ದೆ. ಹೊಟ್ಟೆಯ ಬಣ್ಣ ಕಿತ್ತುಹೋಗಿದೆ, ಸರಿಮಾಡಿಲ್ಲ. ವ್ಯಾಖ್ಯೆ ಬರೆಸಲಿಲ್ಲ. "ಇದು ಎಲ್ಲಿ ಹಿಡಿದರೆ ನಿಲ್ಲುತ್ತೆ, ಹುಡುಕಿ" ಎಂದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ರೆಕ್ಕೆಗಳ ಕೆಳಗೆ ಒಂದೊಂದು ಬೆರಳಿಟ್ಟು, ಹಿಂದೆ ಮುಂದೆ ಸರಿಸುತ್ತಾ, ಉಸಿರು ಬಿಗಿಹಿಡಿದು ನಿಂತಳು. ವಿಮಾನ ಅವಳ ಬೆರಳ ಮೇಲೆ ಅಲುಗದೆ ನಿಂತಿತು. ತರಗತಿಯಲ್ಲಿ ಸದ್ದಿರಲಿಲ್ಲ. "ಸಾರ್, ಈ ಮುಚ್ಚಳ ಮಾತ್ರ ಯಾಕೆ ಬೇರೆ ಮರದ್ದು?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ.

ಈ ಸಲ ನನಗೆ ಬಸ್ಸಿನ ಅವಸರವಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ಹೇಳಿದೆ.