ಕಮತಗಿಯ ಗರಸು ದಾರಿಯಲ್ಲಿ ಹುಡುಗಿಯ ಸೈಕಲ್

ಬಾಗಲಕೋಟೆಯಿಂದ ಹುನಗುಂದದ ಕಡೆಗೆ ಬಸ್ಸು ಹತ್ತಿದರೆ ಅಮೀನಗಡಕ್ಕಿಂತ ಮೊದಲು ಕಮತಗಿ ಸಿಗುತ್ತದೆ. ನೇಕಾರರ ಊರು. ಓಣಿಗಳಲ್ಲಿ ಮಗ್ಗದ ಸದ್ದು. ಊರು ದಾಟಿದರೆ ಎರೆಹೊಲಗಳು, ಗರಸಿನ ದಾರಿಗಳು, ಬದುವಿನುದ್ದಕ್ಕೂ ಜಾಲಿ. ಅಮೀನಗಡದಿಂದ ತಿರುಗಿದರೆ ಕಲ್ಲುಗುಡ್ಡಗಳ ನಡುವಿನ ಐಹೊಳೆ. ಹಿಂದೆ ಅಲ್ಲಿ ವಾಸವಿದ್ದ ಲಾಡ್‌ಖಾನ್ ಎಂಬವರ ಹೆಸರು ಅಲ್ಲಿನ ಹಳೆಯ ಗುಡಿಯೊಂದಕ್ಕೆ ಇಂದಿಗೂ ಉಳಿದಿದೆ.

ಕಮತಗಿಯಲ್ಲಿ ನಾವು ಉಳಿದುಕೊಂಡಿದ್ದ ಮನೆಯಲ್ಲಿ ಒಂಬತ್ತರ ಹುಡುಗಿಗೆ ಸೈಕಲ್ ಕೊಡಿಸುವ ಮಾತು ನಡೆದಿತ್ತು. ಆಕೆಗೆ ದಪ್ಪ ಟಯರಿನ ಮೌಂಟೇನ್ ಬೈಕೇ ಬೇಕು.

"ಬೆಳಿಯೋ ಹುಡುಗಿ, ದೊಡ್ಡದನ್ನ ತಗೊಳ್ರಿ. ನಾಕ ವರ್ಷ ಬರ್ತದ" ಎಂದರು ದಾದಿ.

ಹೊಲಿಗೆ ಬಲ್ಲ ಸೊಸೆ ನಕ್ಕರು: "ಅಮ್ಮಾ, ಈದಿನ ಅಂಗಿ ಆದ್ರ ಒಳಗ ಮಡಚಿ ಹೊಲಿಬಹುದು. ಸೈಕಲ್ ಎಲ್ಲಿ ಮಡಚೂದ್ರಿ?"

ಮಾತು ನಿಜ. ಸೀಟನ್ನು ಮೇಲೇರಿಸಬಹುದು, ಸೈಕಲ್ಲನ್ನು ಕಿರಿದು ಮಾಡಲಾಗದು. ವಯಸ್ಸಿಗಿಂತ ಎತ್ತರ ಮುಖ್ಯ. ಸುಮಾರು 120ರಿಂದ 135 ಸೆಂ.ಮೀ. ಎತ್ತರದವರಿಗೆ 20 ಇಂಚಿನ ಗಾಲಿ, ಅದಕ್ಕಿಂತ ಎತ್ತರವಿದ್ದರೆ 24 ಇಂಚು. ನಡುವಿನ ಪೈಪಿನ ಆಚೀಚೆ ಕಾಲಿಟ್ಟು ನಿಂತಾಗ ಎರಡೂ ಪಾದ ಪೂರ್ತಿ ನೆಲಕ್ಕೂರಬೇಕು, ಪೈಪು ಮೈಗೆ ತಾಗಬಾರದು. ಬೆರಳಿಗೆ ಬ್ರೇಕು ಎಟುಕಬೇಕು. ಅಗ್ಗದ ಸೈಕಲ್ಲಿನ ಮುಂದಿನ ಸ್ಪ್ರಿಂಗು ಅಂದಕ್ಕಿಂತ ತೂಕವನ್ನೇ ಹೆಚ್ಚಿಸುತ್ತದೆ. ಮಗು ತಾನೇ ಎತ್ತಿ ನಿಲ್ಲಿಸುವಷ್ಟು ಹಗುರವಿದ್ದರೆ ಒಳ್ಳೆಯದು.

ಅಗಲದ ಟಯರಿಗೆ ಗರಸಿನಲ್ಲಿ ಹಿಡಿತ ಸಿಗುತ್ತದೆ. ಆದರೆ ಜಾಲಿಮುಳ್ಳು ಅದನ್ನೂ ಬಿಡದು. ಮನೆಯಲ್ಲೊಂದು ಪಂಪು, ಪಂಕ್ಚರ್ ಸಾಮಾನು ಇರಲಿ. ಮಳೆ ಬಂದಾಗ ಎರೆಮಣ್ಣು ಮೆತ್ತಿಕೊಂಡು ಗಾಲಿಯೇ ತಿರುಗದು. ಇಂಥ ಸೈಕಲ್ಲುಗಳಿಗೆ ಸಾಮಾನ್ಯವಾಗಿ ಚೈನ್ ಕವರ್ ಇರುವುದಿಲ್ಲ. ಆದ್ದರಿಂದ ಸಲ್ವಾರಿನ ಅಂಚಿಗೆ ರಬ್ಬರ್ ಬ್ಯಾಂಡ್ ಹಾಕಿ, ದುಪಟ್ಟಾದ ತುದಿಗಳನ್ನು ಬಿಗಿಯಾಗಿ ಕಟ್ಟಿ ಕಳಿಸಿ. ಹೆಲ್ಮೆಟ್ ಮರೆಯಬೇಡಿ.

ಇಷ್ಟೆಲ್ಲ ಯಾಕೆ? 2006-07ರಲ್ಲಿ ರಾಜ್ಯ ಸರಕಾರ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಸೈಕಲ್ ಕೊಡತೊಡಗಿದ್ದು, ಹೈಸ್ಕೂಲು ದೂರವೆಂದು ಅವರು ಓದು ನಿಲ್ಲಿಸಬಾರದೆಂದು. ಆದರೆ ಹದಿಮೂರರಲ್ಲಿ ಸೈಕಲ್ ಸಿಕ್ಕರೆ ಸಾಲದು, ಹೊಡೆಯುವ ಧೈರ್ಯ ಅದಕ್ಕಿಂತ ಮೊದಲೇ ಬಂದಿರಬೇಕು. ಕಾಲೂರಲಾಗದ ಸೈಕಲ್ಲಿನಿಂದ ಎರಡು ಸಲ ಬಿದ್ದರೆ ಹುಡುಗನಿಗೆ "ಏಳು, ಮತ್ತೆ ಹತ್ತು" ಅನ್ನುತ್ತೇವೆ. ಹುಡುಗಿಗೆ "ಸಾಕು ಬಿಡು" ಅನ್ನುತ್ತೇವೆ. ಸೈಕಲ್ ಮೂಲೆ ಸೇರುತ್ತದೆ, ಮುಂದೆ ಶಾಲೆಯ ದಾರಿಯೂ ಉದ್ದವಾಗುತ್ತದೆ.

ಟೇಪು ಹೊಲಿಗೆ ಯಂತ್ರದ ಪಕ್ಕದಲ್ಲೇ ಇದೆಯಲ್ಲ? ಮಗಳ ಎತ್ತರ ಅಳೆಯಿರಿ. ಅಂಗಡಿಗೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ.